ಪ್ಲಿನಿಯ ಪತ್ರಗಳು

ಒಬ್ಬರು ಇನ್ನೊಬ್ಬರಿಗೆಂದೇ ಬರೆದುದು ಪತ್ರ. ಬರೆದವನೇ ಅವುಗಳನ್ನು ಆಯ್ದು, ತಿದ್ದಿ, ಲೋಕಕ್ಕೆಲ್ಲ ಓದಲು ಕೊಟ್ಟರೆ ಅವು ಪತ್ರಗಳಾಗಿಯೇ ಉಳಿದಾವೆ? ಸುಮಾರು ಸಾವಿರದ ಒಂಬೈನೂರು ವರ್ಷಗಳ ಹಿಂದೆ ರೋಮಿನ ವಕೀಲನೊಬ್ಬ ಮಾಡಿದ್ದು ಇದನ್ನೇ. ಅವನು ಪ್ಲಿನಿ. ಅವನ ಸೋದರಮಾವ ಅದೇ ಹೆಸರಿನ ಪ್ರಸಿದ್ಧ ಗ್ರಂಥಕಾರನಾದುದರಿಂದ ಇವನನ್ನು ಕಿರಿಯ ಪ್ಲಿನಿ ಎನ್ನುವುದು ವಾಡಿಕೆ.

ಕ್ರಿ.ಶ. 61 ಅಥವಾ 62ರಲ್ಲಿ ಉತ್ತರ ಇಟಲಿಯ ಕೋಮೋದಲ್ಲಿ ಹುಟ್ಟಿದ ಪ್ಲಿನಿ, ವಾಕ್ಪಟುತ್ವದ ಆಚಾರ್ಯನಾದ ಕ್ವಿಂಟಿಲಿಯನ್ನನಲ್ಲಿ ಕಲಿತು, ಹದಿನೆಂಟರ ಹರೆಯದಲ್ಲೇ ನ್ಯಾಯಸ್ಥಾನದಲ್ಲಿ ವಾದಕ್ಕೆ ನಿಂತ. ಆಫ್ರಿಕಾ ಪ್ರಾಂತದಲ್ಲಿ ಅಧಿಕಾರಿಯಾಗಿದ್ದು ಲಂಚ ತಿಂದಿದ್ದ ಮಾರಿಯಸ್ ಪ್ರಿಸ್ಕಸ್ಸನ ವಿರುದ್ಧ 100ರಲ್ಲಿ ಸೆನೆಟ್ಟಿನಲ್ಲಿ ಹೆಚ್ಚುಕಡಿಮೆ ಐದು ಗಂಟೆ ಮಾತನಾಡಿದ. ಈ ಸುದ್ದಿಯನ್ನು ಮಿತ್ರನಿಗೆ ಬರೆಯುವಾಗ, ತನ್ನ ಗಂಟಲಿಗೆ ಆಯಾಸವಾದೀತೆಂದು ಸ್ವತಃ ಚಕ್ರವರ್ತಿಯೇ ಕಳವಳಪಟ್ಟುದನ್ನು ಸೇರಿಸಲು ಅವನು ಮರೆಯಲಿಲ್ಲ! ಆತ್ಮಪ್ರಶಂಸೆ ಅವನ ದೌರ್ಬಲ್ಯ. ಅದನ್ನು ಬಚ್ಚಿಡಲು ಅವನಿಗೆ ಬಾರದಾದ್ದರಿಂದ ಓದುಗನಿಗೆ ಮುನಿಸು ಬರುವುದಿಲ್ಲ.

79ರಲ್ಲಿ ವೆಸೂವಿಯಸ್ ಬೆಂಕಿಯುಗುಳಿದಾಗ ನೌಕಾಪಡೆಯ ಅಧಿಪತಿಯಾಗಿದ್ದ ಸೋದರಮಾವ ಜನರನ್ನು ಉಳಿಸಹೋಗಿ ಸತ್ತ. ಇತಿಹಾಸಕಾರ ಟ್ಯಾಸಿಟಸ್ಸನಿಗೆ ಪ್ಲಿನಿ ಬರೆದ ಆ ಕಥನ ಜಗತ್ಪ್ರಸಿದ್ಧ. ಆ ಹೊತ್ತಿನಲ್ಲಿ ತಾನು ಲಿವಿಯ ಗ್ರಂಥವನ್ನು ಓದುತ್ತ ಟಿಪ್ಪಣಿ ಮಾಡುತ್ತಿದ್ದೆನೆಂದೂ ಹೇಳಿಕೊಂಡಿದ್ದಾನೆ. ಅದು ಧೈರ್ಯವೋ ಅವಿವೇಕವೋ ತನಗೆ ತಿಳಿಯದೆಂಬ ಮಾತು ಅವನದೇ.

ನನ್ನ ಮನಸ್ಸು ನಿಲ್ಲುವುದು ಇಷ್ಟು ಪ್ರಸಿದ್ಧವಲ್ಲದ ಪತ್ರಗಳಲ್ಲಿ. ತನ್ನ ಊರಿಗೆ ಉಪಾಧ್ಯಾಯರನ್ನು ಗೊತ್ತುಮಾಡಲು ಖರ್ಚಿನ ಮೂರನೆಯ ಒಂದು ಪಾಲನ್ನು ಮಾತ್ರ ಕೊಡುತ್ತೇನೆನ್ನುತ್ತಾನೆ. ಪೂರ್ತಿ ಕೊಟ್ಟರೆ ತಂದೆತಾಯಿಗಳು ಗುರುವನ್ನು ಆರಿಸುವಲ್ಲಿ ಉದಾಸೀನರಾದಾರು! ಇನ್ನೊಂದು ಪತ್ರದಲ್ಲಿ ಮನೆಯ ಗುಲಾಮರ ಸಾವಿಗಾಗಿ ಮರುಗುತ್ತಾನೆ. ತಮ್ಮಲ್ಲಿದ್ದುದನ್ನು ಮನೆಯವರೊಳಗೆ ಹಂಚಿಕೊಳ್ಳುವಂತೆ ಉಯಿಲು ಬರೆಯಲು ಅವರಿಗೆ ಅವಕಾಶವಿತ್ತು. ಕಾನೂನು ಒಪ್ಪದ ಆ ಉಯಿಲುಗಳನ್ನು ಅವನು ನಡೆಸಿಕೊಡುತ್ತಿದ್ದ. ಗುಲಾಮರ ಸಾವನ್ನು ಹಣದ ನಷ್ಟವೆಂದಷ್ಟೇ ಎಣಿಸುವವರನ್ನು ಅವನು ಮನುಷ್ಯರೆಂದೇ ಒಪ್ಪುವುದಿಲ್ಲ.

ಹೀಗೆ ಅವನು ತಿದ್ದಿ ಹೊರತಂದದ್ದು ಒಂಬತ್ತು ಭಾಗಗಳು. ಚಕ್ರವರ್ತಿ ಟ್ರಾಜನ್ನನೊಡನೆ ನಡೆಸಿದ ವ್ಯವಹಾರವಿರುವ ಹತ್ತನೆಯ ಭಾಗ ಅವನ ಮರಣಾನಂತರ ಸೇರಿತೆಂದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅದರ ಬಹುಪಾಲು ಪತ್ರಗಳನ್ನು ಪ್ಲಿನಿ ತನ್ನ ಕೊನೆಯ ವರ್ಷಗಳಲ್ಲಿ, ಕಪ್ಪು ಸಮುದ್ರದ ದಕ್ಷಿಣ ತೀರದ ಬಿಥಿನಿಯ ಪ್ರಾಂತದ ಅಧಿಪತಿಯಾಗಿದ್ದಾಗ ಬರೆದ. ಸ್ನಾನಗೃಹ, ಕಾಲುವೆ, ಅಗ್ನಿಶಾಮಕರ ಸಂಘ ಎಲ್ಲಕ್ಕೂ ಅಪ್ಪಣೆ ಕೇಳುತ್ತಾನೆ. ಆ ಕಡತದ ನಡುವೆ, 112ರ ಸುಮಾರಿನ ಒಂದು ಪತ್ರ ಕ್ರೈಸ್ತರನ್ನು ಕುರಿತದ್ದು.

ಅವರನ್ನು ಮೂರು ಸಾರಿ ಪ್ರಶ್ನಿಸಿದೆ, ಹಟ ಬಿಡದವರನ್ನು ಮರಣದಂಡನೆಗೆ ಕಳುಹಿಸಿದೆ ಎಂದು ಅವನು ವರದಿ ಮಾಡುತ್ತಾನೆ. ಅಪರಾಧವೇನೆಂಬುದು ಮಾತ್ರ ಅವನಿಗೆ ಸ್ಪಷ್ಟವಿಲ್ಲ. ಬೆಳಗಿನ ಜಾವ ಸೇರಿ ಕ್ರಿಸ್ತನನ್ನು ಹಾಡಿ ಹೊಗಳುವುದು, ಕಳ್ಳತನ, ವ್ಯಭಿಚಾರ ಮಾಡೆವೆಂದು ಪ್ರಮಾಣ ಮಾಡುವುದು: ವಿಚಾರಣೆಯಲ್ಲಿ ತಿಳಿದುಬಂದದ್ದು ಇಷ್ಟೇ. ಸತ್ಯ ಇನ್ನೂ ಏನಿದೆಯೋ ಎಂದು, ಆ ಪಂಥದಲ್ಲಿ ಸೇವಾಧಿಕಾರ ಹೊಂದಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ಕೇಳಿದ. ಮಿತಿಮೀರಿದ ಮೂಢನಂಬಿಕೆಯ ಹೊರತು ಬೇರೇನೂ ಸಿಕ್ಕಲಿಲ್ಲವೆನ್ನುತ್ತಾನೆ. ತನ್ನ ಗುಲಾಮರಿಗಾಗಿ ಮರುಗಿದ ಕೈಯೇ ಈ ಸಾಲನ್ನೂ ಬರೆಯಿತು. ಬರೆದಾಗ ನಡುಗಿದ ಗುರುತು ಎಲ್ಲಿಯೂ ಕಾಣದು.

ಟ್ರಾಜನ್ನನ ಉತ್ತರ ಚಿಕ್ಕದು. ಕ್ರೈಸ್ತರನ್ನು ಹುಡುಕಿಕೊಂಡು ಹೋಗಬೇಡ. ಅಪರಾಧ ಸಿದ್ಧವಾದರೆ ಶಿಕ್ಷಿಸು. ಸಹಿಯಿಲ್ಲದ ದೂರುಗಳನ್ನು ಮಾತ್ರ ತೆಗೆದುಕೊಳ್ಳಬೇಡ, ಅದು ನಮ್ಮ ಕಾಲಕ್ಕೆ ತಕ್ಕುದಲ್ಲ. ಆ ದಾಸಿಯರ ಮಾತು ಅದರಲ್ಲಿಲ್ಲ. ಅವರ ಹೆಸರನ್ನು ಪ್ಲಿನಿಯೂ ಬರೆದಿರಲಿಲ್ಲ.