ಹ್ಯಾಲೋವೀನ್: ಮನೆಯ ತಿಂಡಿಗೇಕೆ ಬಹಿಷ್ಕಾರ?

ಪ್ರತಿವರ್ಷ ಅಕ್ಟೋಬರ್ 31ರ ಸಂಜೆ ಅಮೆರಿಕದ ಮಕ್ಕಳು ದೆವ್ವ, ಮಾಟಗಾತಿ, ಅಸ್ಥಿಪಂಜರಗಳ ವೇಷ ತೊಟ್ಟು ಮನೆಯಿಂದ ಮನೆಗೆ ಹೋಗಿ ಸಿಹಿ ಕೇಳುತ್ತಾರೆ. ಮಕ್ಕಳು, ಮೊಮ್ಮಕ್ಕಳನ್ನು ಕಾಣಲು ಆ ದೇಶಕ್ಕೆ ಹೋಗಿಬರುವ ಕನ್ನಡದ ಹಿರಿಯರಿಗೆ ಹ್ಯಾಲೋವೀನ್ ಈಗ ಅಪರಿಚಿತ ಹಬ್ಬವೇನಲ್ಲ. ಆದರೆ ಆ ಸಂಜೆ ಮಕ್ಕಳ ಚೀಲಕ್ಕೆ ಬೀಳುವ ತಿಂಡಿಗಳಲ್ಲಿ ಮನೆಯಲ್ಲಿ ಮಾಡಿದ್ದು ಬಹುತೇಕ ಒಂದೂ ಇರುವುದಿಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. ಅದರ ಹಿಂದೆ ವಿಚಾರಯೋಗ್ಯವಾದ ಕಥೆಯೊಂದಿದೆ.

ಈ ಹಬ್ಬದ ಬೇರು ಇರುವುದು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ರೈತಾಪಿ ಬದುಕಿನಲ್ಲಿ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಸತ್ತವರ ಆತ್ಮಗಳು ಮನೆಯತ್ತ ಬರುತ್ತವೆಂಬ ನಂಬಿಕೆ ಅಲ್ಲಿತ್ತು. ನಮ್ಮ ಮಹಾಲಯ ಅಮಾವಾಸ್ಯೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಹತ್ತೊಂಬತ್ತನೆಯ ಶತಮಾನದಲ್ಲಿ ಬರಗಾಲದಿಂದ ಕಂಗೆಟ್ಟು ಅಮೆರಿಕ ಸೇರಿದ ಐರಿಷರು ಈ ಆಚರಣೆಯನ್ನೂ ಜೊತೆಗೆ ಒಯ್ದರು. ತಮ್ಮ ಊರಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರಿಗೆ ಹೊಸ ನೆಲದಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು. ಒಣದ್ರಾಕ್ಷಿ ಬೆರೆಸಿದ 'ಬಾರ್ಮ್‌ಬ್ರ್ಯಾಕ್' ಎಂಬ ಬ್ರೆಡ್ಡಿನೊಳಗೆ ಉಂಗುರವನ್ನು ಹುದುಗಿಸಿ ಬೇಯಿಸುವುದು ಐರಿಷ್ ಮನೆಗಳ ಪದ್ಧತಿ. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ ಎಂಬುದು ನಂಬಿಕೆ.

ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ ಸಕ್ಕರೆಯ ಪಡಿತರ ಕೊನೆಗೊಂಡ ಮೇಲೆ, ಮನೆಮನೆಗೆ ಹೋಗಿ ಸಿಹಿ ಕೇಳುವ ರೂಢಿ ದೇಶದಾದ್ಯಂತ ಹಬ್ಬಿತು. ಆಗ ಗೃಹಿಣಿಯರು ತಾವೇ ಮಾಡಿದ ಕುಕೀಸ್, ಪಾಪ್‌ಕಾರ್ನ್ ಉಂಡೆ, ಬೆಲ್ಲದ ಪಾಕದಂಥ ಕ್ಯಾರಮೆಲ್ ಸವರಿದ ಸೇಬುಗಳನ್ನು ಹಂಚುತ್ತಿದ್ದರು. ಈ ಪದ್ಧತಿ ಮರೆಯಾಗಲು ಮುಖ್ಯ ಕಾರಣ ಭಯ. ಅಪರಿಚಿತರು ಸೇಬಿನಲ್ಲಿ ಬ್ಲೇಡು, ಮಿಠಾಯಿಯಲ್ಲಿ ವಿಷ ಇಡುತ್ತಾರೆಂಬ ಸುದ್ದಿ 1970ರ ದಶಕದಲ್ಲಿ ವ್ಯಾಪಕವಾಯಿತು. 1974ರಲ್ಲಿ ಟೆಕ್ಸಾಸ್‌ನಲ್ಲಿ ಎಂಟು ವರ್ಷದ ಬಾಲಕನೊಬ್ಬ ಸೈನೈಡ್ ಬೆರೆತ ಮಿಠಾಯಿ ತಿಂದು ಸತ್ತಾಗ ಆ ಭಯ ಗಟ್ಟಿಯಾಯಿತು. ಆದರೆ ವಿಷ ಹಾಕಿದವನು ಅಪರಿಚಿತನಲ್ಲ. ವಿಮೆಯ ಹಣಕ್ಕಾಗಿ ಸ್ವಂತ ತಂದೆಯೇ ಈ ಕೃತ್ಯ ಎಸಗಿದ್ದನೆಂದು ನ್ಯಾಯಾಲಯದಲ್ಲಿ ಸಾಬೀತಾಯಿತು. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ತಮ್ಮ ಸಹೋದ್ಯೋಗಿಯೊಡನೆ 1958ರಿಂದೀಚಿನ ಪತ್ರಿಕಾ ವರದಿಗಳನ್ನು ಜಾಲಾಡಿ 1985ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅಪರಿಚಿತರು ಕೊಟ್ಟ ಹ್ಯಾಲೋವೀನ್ ತಿಂಡಿಯಿಂದ ಮಗುವೊಂದು ಸತ್ತ ದೃಢಪಟ್ಟ ಪ್ರಕರಣ ಅವರಿಗೆ ಒಂದೂ ಸಿಗಲಿಲ್ಲ.

ಹಾಗಾದರೆ ಆ ರಾತ್ರಿ ಅಪಾಯವೇ ಇಲ್ಲವೆ? ಇದೆ, ಅದು ಇರುವುದು ರಸ್ತೆಯಲ್ಲಿ. 1975ರಿಂದ 2016ರವರೆಗಿನ ಅಂಕಿಅಂಶಗಳನ್ನು ಆಧರಿಸಿದ ಸಂಶೋಧನೆಯೊಂದರ ಪ್ರಕಾರ, ಒಂದು ವಾರ ಹಿಂದಿನ ಮತ್ತು ಮುಂದಿನ ಸಂಜೆಗಳಿಗೆ ಹೋಲಿಸಿದರೆ ಹ್ಯಾಲೋವೀನ್ ಸಂಜೆ ವಾಹನ ಡಿಕ್ಕಿಯಿಂದ ಪಾದಚಾರಿಗಳು ಸಾಯುವ ಸಂಭವ ಶೇ 43ರಷ್ಟು ಹೆಚ್ಚು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಅದು ಸುಮಾರು ಹತ್ತು ಪಟ್ಟು. ಸಮಾಜವು ಇಲ್ಲದ ವಿಷಕ್ಕೆ ಹೆದರಿ ನೆರೆಮನೆಯ ಕುಕೀಯನ್ನು ದೂರವಿಟ್ಟಿತು. ಕತ್ತಲಲ್ಲಿ ಕಪ್ಪು ವೇಷ ತೊಟ್ಟ ಮಗುವನ್ನು ಕಾಣದ ಚಾಲಕನ ಬಗ್ಗೆ ಅಷ್ಟು ಯೋಚಿಸಲಿಲ್ಲ. ಆಡಳಿತದಲ್ಲಿ ದಶಕಗಳನ್ನು ಕಳೆದವರಿಗೆ ಇದು ಪರಿಚಿತ ಪ್ರವೃತ್ತಿ. ನಿಯಮಗಳು ಅನೇಕ ವೇಳೆ ಅಪಾಯದ ಪ್ರಮಾಣಕ್ಕಿಂತ ಸುದ್ದಿಯ ಗದ್ದಲವನ್ನೇ ಹಿಂಬಾಲಿಸುತ್ತವೆ.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಪರಸ್ಪರ ನಂಬಿಕೆಯೂ ಒಂದು ಬಂಡವಾಳ. ಅದು ಕರಗಿದಲ್ಲಿ ಮಾರುಕಟ್ಟೆ ಕಾಲಿಡುತ್ತದೆ. 2023ರ ಹ್ಯಾಲೋವೀನ್‌ಗೆ ಅಮೆರಿಕನ್ನರು 1,220 ಕೋಟಿ ಡಾಲರ್ ಖರ್ಚು ಮಾಡಲಿದ್ದಾರೆಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ ಅಂದಾಜಿಸಿತ್ತು. ಅದರಲ್ಲಿ ವೇಷಭೂಷಣಗಳ ಪಾಲೇ 410 ಕೋಟಿ ಡಾಲರ್. ಒಂದು ಸಂಜೆಯ ಉಡುಪು ಮರುವರ್ಷ ಮಗುವಿಗೆ ಹಿಡಿಸುವುದೂ ಇಲ್ಲ.

ಮನೆಯಲ್ಲೇ ವೇಷ ಹೊಲಿಯುವುದು ಕಷ್ಟವಲ್ಲ. ಹಳೆಯ ಬಿಳಿ ಹೊದಿಕೆಗೆ ತಲೆ ತೂರುವಷ್ಟು ರಂಧ್ರ ಕತ್ತರಿಸಿ, ಅಂಚನ್ನು ಕಣಕಾಲಿನಿಂದ ಮೇಲಕ್ಕೆ ಮಡಿಚಿ ಹೊಲಿದರೆ ದೆವ್ವ ಸಿದ್ಧ. ರಟ್ಟಿನ ಪೆಟ್ಟಿಗೆಗೆ ಬೆಳ್ಳಿ ಬಣ್ಣದ ಕಾಗದ ಅಂಟಿಸಿದರೆ ರೋಬಾಟ್. ದೃಷ್ಟಿಗೆ ಅಡ್ಡಬರುವ ಮುಖವಾಡದ ಬದಲು ಮುಖಕ್ಕೆ ಬಣ್ಣ ಹಚ್ಚುವುದು ಲೇಸು. ಬೆನ್ನಿಗೂ ತೋಳಿಗೂ ಬೆಳಕು ಬಿದ್ದರೆ ಹೊಳೆಯುವ ಟೇಪನ್ನು ಅಂಟಿಸಬೇಕು. ಬಟ್ಟೆಗೆ ಬೆಂಕಿ ತಗುಲದಂತೆ, ಕುಂಬಳಕಾಯಿಯೊಳಗೆ ಮೇಣದಬತ್ತಿಯ ಬದಲು ಬ್ಯಾಟರಿ ದೀಪ ಇಡುವುದು ಕ್ಷೇಮ.

ತಿಂಡಿಯೂ ಅಷ್ಟೇ ಸುಲಭ. ಮೊಟ್ಟೆ ಬಳಸದ ಮನೆಗಳಿಗೆ ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ ಹೇಳಿಮಾಡಿಸಿದ್ದು. 100 ಗ್ರಾಂ ಸಕ್ಕರೆ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ ಕಲಸಿ, ಲಟ್ಟಿಸಿ, ಬಾವಲಿಯ ಆಕಾರದಲ್ಲಿ ಕತ್ತರಿಸಿ, ಒಣದ್ರಾಕ್ಷಿಯ ಕಣ್ಣು ಇಟ್ಟು, 170 ಡಿಗ್ರಿ ಶಾಖದ ಓವನ್ನಿನಲ್ಲಿ ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಇಟ್ಟರಾಯಿತು. ದೀಪಕ್ಕಾಗಿ ಕೊರೆದ ಕುಂಬಳಕಾಯಿಯ ಬೀಜಗಳನ್ನು ತೊಳೆದು ಒಣಗಿಸಿ, ತುಸು ಎಣ್ಣೆ, ಉಪ್ಪು, ಕಾರದ ಪುಡಿ ಸವರಿ ಅದೇ ಓವನ್ನಿನಲ್ಲಿ ಹುರಿಯಬಹುದು.

ಇವನ್ನು ಅಪರಿಚಿತ ಮಕ್ಕಳಿಗೆ ಕೊಡಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಶೇಂಗಾ, ಹಾಲು, ಗೋಧಿಗಳ ಅಲರ್ಜಿ ನಿಜವಾದ ಸಮಸ್ಯೆ. ಅಂಥ ಮಕ್ಕಳಿಗಾಗಿ ತಿಂಡಿಯ ಬದಲು ಚಿಕ್ಕ ಆಟಿಕೆ ಇಟ್ಟಿರುವ ಮನೆಯ ಗುರುತಾಗಿ ನೀಲಿಹಸಿರು ಕುಂಬಳಕಾಯಿ ಇಡುವ ಪದ್ಧತಿ ಅಲ್ಲಿ ಬೆಳೆದಿರುವುದು ಸ್ವಾಗತಾರ್ಹ. ಬಾಗಿಲಿಗೆ ಬಂದವರಿಗೆ ಪೊಟ್ಟಣದ ಮಿಠಾಯಿ ಇರಲಿ. ಹೆಸರು ಹಿಡಿದು ಕರೆಯಬಲ್ಲ ನಾಲ್ಕು ನೆರೆಮನೆಗಳಿಗಾದರೂ, ಏನೇನು ಬೆರೆಸಿದೆ ಎಂಬುದನ್ನು ತಿಳಿಸಿ, ಕೈಯಾರೆ ಮಾಡಿದ್ದನ್ನು ಕೊಡಬಹುದಲ್ಲವೆ?

ಸಂಕ್ರಾಂತಿಯಂದು ಎಳ್ಳು ಬೀರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೊಬ್ಬರಿ ಹೆಚ್ಚಿ, ಬೆಲ್ಲ ಕತ್ತರಿಸಿ ಬಿಸಿಲಿಗೆ ಹರವುತ್ತಿದ್ದ ಮನೆಗಳಿಗೂ ಈಗ ಸಿದ್ಧ ಪೊಟ್ಟಣಗಳು ಬಂದಿವೆ. ನಮ್ಮಲ್ಲಿ ಇದಕ್ಕೆ ಭಯ ಕಾರಣವಲ್ಲ, ಬಿಡುವಿಲ್ಲದಿರುವುದು ಕಾರಣ. ಬಿಡುವನ್ನು ನಾವು ಮಾಡಿಕೊಳ್ಳಬಹುದು. ನೆರೆಯವರ ಅಡುಗೆಮನೆಯ ಮೇಲಿನ ನಂಬಿಕೆ ಒಮ್ಮೆ ಹೋದರೆ ಅದನ್ನು ಮರಳಿ ತರುವುದು ಎಷ್ಟು ಕಷ್ಟ ಎಂಬುದಕ್ಕೆ ಹ್ಯಾಲೋವೀನಿನ ಅರ್ಧ ಶತಮಾನವೇ ಸಾಕ್ಷಿ.