ಅಜ್ಜಿ ಮನೆ ತೆರೀತಿಲ್ಲ ಮಾಮ!

ಭಾನುವಾರ ಬೆಳಿಗ್ಗೆ ಅಕ್ಕನ ಮಗನ ಫೋನು. "ಮಾಮ, ಗೇಮ್ ಓಪನ್ನೇ ಆಗ್ತಿಲ್ಲ." ದನಿಯಲ್ಲಿ ಅಳು.

ಆರನೇ ಕ್ಲಾಸಿನ ಹುಡುಗ. ಮೈನ್‌ಕ್ರಾಫ್ಟ್‌ನಲ್ಲಿ ಒಂದು ವರ್ಷದಿಂದ ನಮ್ಮಜ್ಜಿಯ ಮನೆ ಕಟ್ಟುತ್ತಿದ್ದ. ಆ ಮನೆ ಮಾರಿ ಎಷ್ಟೋ ಕಾಲವಾಯ್ತು. ಜಗಲಿ, ತೊಟ್ಟಿ, ಹಿತ್ತಲ ಬಾವಿ ಎಲ್ಲ ಅಕ್ಕ ಹೇಳಿದ ಹಾಗೆ ಮಾಡಿದ್ದ. ಹೆಂಚು, ಕಂಬಗಳಿಗೆ ಮಾಡ್ ಹಾಕಿಕೊಂಡಿದ್ದ. ಮಾಡ್ ಅಂದ್ರೆ ಆಟಕ್ಕೆ ಬೇರೆಯವರು ಬರೆದು ಸೇರಿಸುವ ಪ್ರೋಗ್ರಾಂ. ಇವು ಕಂಪ್ಯೂಟರಿನ ಜಾವಾ ಎಡಿಷನ್‌ಗೆ. ಮೊಬೈಲಿನ ಆಟಕ್ಕೆ ಹೊಂದೋದಿಲ್ಲ.

ನಾನು ಮೊದಲು ಕೇಳಿದ್ದು ಒಂದೇ. "ಮಾಡ್ ತೆಗೆದು ಆ ಮನೆ ಓಪನ್ ಮಾಡಿದೆಯೇನೋ?"

"ಇಲ್ಲ ಮಾಮ."

ಸದ್ಯ! ಹಾಗೆ ತೆರೆದಿದ್ದರೆ ಮಾಡ್‌ನಿಂದ ಬಂದ ಹೆಂಚು, ಕಂಬ ಮಾಯ. ಗೇಮ್ ಅದನ್ನೇ ಸೇವ್ ಮಾಡಿಕೊಂಡರೆ, ಮಾಡ್ ಮತ್ತೆ ಹಾಕಿದರೂ ವಾಪಸ್ ಬರೋದಿಲ್ಲ. ಅದಕ್ಕೇ ಮೊದಲು ಸೇವ್ಸ್ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಸಿದೆ.

ವಿಡಿಯೋ ಕಾಲ್‌ನಲ್ಲಿ ನೋಡಿದರೆ ಮಾಡ್ಸ್ ಫೋಲ್ಡರಿನಲ್ಲಿ 33 ಫೈಲು! ಗೇಮ್ 1.20.1, ನಡೆಯುತ್ತಿದ್ದದ್ದು ಫೋರ್ಜ್ ಮೇಲೆ. ಒಂದು ಮಾಡ್ ಫ್ಯಾಬ್ರಿಕ್‌ಗೆ ಬರೆದದ್ದು, ಅದು ಇಲ್ಲಿ ಓಡಲ್ಲ. ತೆಗೆಸಿದೆ. ಆದರೂ ಕ್ರಾಶ್. ಕ್ರಾಶ್ ರಿಪೋರ್ಟ್ಸ್ ಫೋಲ್ಡರಿನ ಹೊಸ ಫೈಲ್‌ನಲ್ಲಿ ಸಾಮಾನ್ಯವಾಗಿ ಕಳ್ಳನ ಹೆಸರು ಸಿಗುತ್ತೆ. ನಮಗೆ ಮೂರು ಹೆಸರು ಸಿಕ್ಕವು, ಮೂರೂ ನಿರಪರಾಧಿಗಳು!

ಆಮೇಲೆ ನಾವು ಆಫೀಸಿನಲ್ಲಿ ಮಾಡುವ ಅರ್ಧರ್ಧ ಲೆಕ್ಕ. 16 ಫೈಲ್ ಹೊರಗಿಡು, ಮೆನುವರೆಗೆ ಬರುತ್ತಾ ನೋಡು, ಆ ಮನೆ ಮಾತ್ರ ಮುಟ್ಟಬೇಡ. ಬಂದರೆ ತಪ್ಪು ಹೊರಗಿಟ್ಟದ್ದರಲ್ಲಿದೆ. ಮತ್ತೆ 8, ಮತ್ತೆ 4. ಒಂದು ಮಾಡ್ ಇನ್ನೊಂದನ್ನು ಬೇಡುತ್ತಿದ್ದರೆ ಆ ಜೋಡಿಯನ್ನು ಒಡೆಯಬಾರದು, ಅಷ್ಟೆ. ಐದನೇ ಸುತ್ತಿಗೆ ಸಿಕ್ಕಿಬಿತ್ತು: 1.19.2ಕ್ಕೆ ಬರೆದ ಒಂದು ಬೆಳಕಿನ ಮಾಡ್. ಫೈಲ್ ಹೆಸರಿನಲ್ಲೇ ನಂಬರ್ ಇತ್ತು. ಇಂಜಿನಿಯರ್ ಸಾಹೇಬರು ಓದಿರಲಿಲ್ಲ.

"ಇದನ್ನ ಎಲ್ಲಿಂದ ಇಳಿಸಿದೆ?" ಅಂದರೆ "ಯೂಟ್ಯೂಬ್ ಕೆಳಗಿನ ಲಿಂಕು" ಅಂದ. ಇದಕ್ಕೆ ಮಾತ್ರ ಗದರಿದೆ. 2023ರ ಜೂನ್‌ನಲ್ಲಿ ಫ್ರಾಕ್ಚರೈಸರ್ ಅನ್ನೋ ಮಾಲ್‌ವೇರ್ ಹೆಸರುವಾಸಿ ತಾಣಗಳ ಮಾಡ್‌ಗಳೊಳಗೇ ಸೇರಿಕೊಂಡು ಬ್ರೌಸರಿನ ಲಾಗಿನ್ ವಿವರ ಕದಿಯುತ್ತಿತ್ತು. ಕಂಡಕಂಡ ಲಿಂಕಿನ ಗತಿ ಕೇಳಬೇಕೆ? ಅದೇ ಲ್ಯಾಪ್‌ಟಾಪಿನಲ್ಲಿ ಅಕ್ಕನ ಬ್ಯಾಂಕ್ ಕೆಲಸವೂ ನಡೆಯುತ್ತೆ. ವೈರಸ್ ಸ್ಕ್ಯಾನ್ ಮಾಡಿಸಿ, ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಾಯಿಸಲು ಹೇಳಿದೆ.

ಮಧ್ಯಾಹ್ನ ಮನೆ ತೆರೆದುಕೊಂಡಿತು, ಹೆಂಚು ಸಮೇತ. ಅಕ್ಕ ಒದ್ದೆ ಕೈಯಲ್ಲೇ ಬಂದು ಬಗ್ಗಿ ನೋಡಿದಳು.

"ಬಾವಿ ಅಷ್ಟು ಹತ್ರ ಇರ್ಲಿಲ್ಲ ಕಣೋ. ಇನ್ನೂ ಸ್ವಲ್ಪ ಹಿಂದೆ."