ಹರಳಯ್ಯನವರ ಕಾಯಕ ಮತ್ತು ಅಥಣಿಯ ಕೂಡುದುಡಿಮೆ

ಅಥಣಿಯ ಗಚ್ಚಿನಮಠಕ್ಕೆ ಶ್ರೀ ಮುರುಘೇಂದ್ರ ಶಿವಯೋಗಿಗಳ ದರ್ಶನಾರ್ಥವಾಗಿ ಹೋದ ಭಕ್ತರಲ್ಲಿ ಹಲವರು, ಮರಳುವಾಗ ಪೇಟೆಯಲ್ಲಿ ಒಂದು ಜೊತೆ ಚಪ್ಪಲಿಯನ್ನು ಕೊಂಡು ತರುವುದನ್ನು ನಾವು ಬಾಲ್ಯದಿಂದಲೂ ಕಂಡಿದ್ದೇವೆ. ಹೊಲಿದ ಊರು ಅಥಣಿ, ಮದಭಾವಿ, ನಿಪ್ಪಾಣಿ. ಹೆಸರು ಮಾತ್ರ ಕೊಲ್ಹಾಪುರಿ. ಛತ್ರಪತಿ ಶಾಹೂ ಮಹಾರಾಜರ ಪ್ರೋತ್ಸಾಹದಿಂದ ಕೊಲ್ಹಾಪುರದ ಪೇಟೆ ಹೆಸರಾಯಿತು. ಸುತ್ತಣ ಕನ್ನಡದ ಊರುಗಳ ಮಾಲೂ ಆ ಪೇಟೆಯ ಹೆಸರಿನಿಂದಲೇ ಲೋಕಕ್ಕೆ ಪರಿಚಿತವಾಯಿತು. ಹೊಲಿದವರ ಹೆಸರಂತೂ ಎಲ್ಲಿಯೂ ಉಳಿಯಲಿಲ್ಲ.

ಪಾದರಕ್ಷೆಯ ಮಾತು ಬಂದಾಗ ಶರಣ ಹರಳಯ್ಯನವರನ್ನು ನೆನೆಯದೆ ಮುಂದುವರಿಯುವುದು ನಮ್ಮಿಂದಾಗದು. ತಾವು ಸಲ್ಲಿಸಿದ ಒಂದು ಶರಣಿಗೆ ಬಸವಣ್ಣನವರು ಎರಡು ಶರಣು ಮರಳಿಸಿದರೆಂಬ ಋಣಭಾರವನ್ನು ಹೊರಲಾರದೆ, ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ಒಪ್ಪಿಸಿದರೆಂದೂ, ಅವು ಧರಿಸಲು ಬಾರದಷ್ಟು ಪವಿತ್ರವೆಂದು ಬಸವಣ್ಣನವರು ತಲೆಯ ಮೇಲಿಟ್ಟುಕೊಂಡರೆಂದೂ ನಮ್ಮ ಪರಂಪರೆ ಹೇಳುತ್ತದೆ. ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನವರ ಗದ್ದುಗೆ ಇದೇ ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿದೆ. ಹದಮಾಡುವವರೂ ಶರಣರು, ಹೊಲಿಯುವವರೂ ಶರಣರು. ಆದರೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ, ವಿದ್ಯಾರ್ಥಿಗಳ ಚಪ್ಪಲಿಗಳನ್ನು ಹೊಲಿದುಕೊಡುತ್ತಿದ್ದ ವೃದ್ಧರೊಬ್ಬರು ದಾಸೋಹದ ಪಂಕ್ತಿಯಲ್ಲಿ ಕೂರದೆ, ಚಪ್ಪಲಿ ಬಿಡುವ ಕಟ್ಟೆಯ ಬಳಿಯೇ ನಿಂತು ಪ್ರಸಾದವನ್ನು ಒಯ್ಯುತ್ತಿದ್ದರು. ಹಿಂದಿನ ರಾತ್ರಿ ಪುರಾಣದಲ್ಲಿ ಹರಳಯ್ಯನವರ ಕಥೆ ಕೇಳಿ ಕಣ್ಣೀರಿಟ್ಟಿದ್ದ ನಮಗೆ, ಮರುದಿನ ಅವರನ್ನು ಒಳಗೆ ಕರೆಯಬೇಕೆಂದು ತೋಚಲಿಲ್ಲ. ಆ ನೆನಪು ಈ ಬರಹಕ್ಕೆ ಕಾರಣಗಳಲ್ಲೊಂದು.

ಈ ಚಪ್ಪಲಿಯ ಕೆಲಸ ಸುಲಭದ್ದಲ್ಲ. ಎಮ್ಮೆ, ದನ, ಆಡಿನ ತೊಗಲನ್ನು ಜಾಲಿಯ ಚಕ್ಕೆ, ಅಳಲೆಕಾಯಿಗಳ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಹದಗೊಳಿಸಬೇಕು. ರಾಸಾಯನಿಕ ಲವಣಗಳ ಹದದಂತೆ ಅವಸರಕ್ಕೆ ಬಗ್ಗುವುದಲ್ಲ ಇದು. ಹದವಾದ ತೊಗಲನ್ನು ಗಂಡಸರು ರಂಪಿಗೆಯಿಂದ ಕೊಯ್ದು ಅಟ್ಟೆ ಸಿದ್ಧಪಡಿಸುತ್ತಾರೆ. ಪಟ್ಟಿಯ ಮೇಲಿನ ಹೆಣಿಗೆ, ಗೊಂಡೆ, ನಯವಾದ ಅಲಂಕಾರಗಳೆಲ್ಲ ಹೆಂಗಸರ ಬೆರಳುಗಳಿಂದ ಆಗತಕ್ಕವು. ಮೊಳೆ ಹೊಡೆಯುವುದಿಲ್ಲ, ತೊಗಲಿನ ಎಳೆಯಿಂದಲೇ ತೊಗಲನ್ನು ಹೊಲಿಯುತ್ತಾರೆ. ಒಂದು ಮನೆಯವರೆಲ್ಲ ಕೂಡಿ ದುಡಿದರೂ ದಿನಕ್ಕೆ ಕೆಲವೇ ಜೊತೆ ಮುಗಿಯುತ್ತವೆ. ಅಹಿಂಸಾವ್ರತದ ನಮ್ಮ ಮನೆಗಳಲ್ಲಿ ತೊಗಲಿನ ಕೆಲಸವೆಂದರೆ ಮೂಗು ಮುರಿಯುವವರುಂಟು; ಮುರಿಯುವಾಗ ಅವರ ಕಾಲಲ್ಲಿರುವುದೂ ಅದೇ ತೊಗಲೆಂಬುದನ್ನು ಮರೆತಿರುತ್ತಾರೆ, ಅಷ್ಟೇ.

ಇಷ್ಟೆಲ್ಲ ಕೌಶಲವಿದ್ದೂ ಈ ಮನೆಗಳಲ್ಲಿ ಬಡತನ ಹೇಗೆ ನೆಲೆಸಿತು? ಕೈಯಲ್ಲಿ ಹಣವಿಲ್ಲದ ಕಸಬುದಾರನು ತೊಗಲನ್ನು ಉದ್ದರಿಯಲ್ಲಿ ತರುತ್ತಾನೆ. ಉದ್ದರಿ ಕೊಟ್ಟವರಿಗೇ, ಅವರು ಹೇಳಿದ ಬೆಲೆಗೇ ಮಾಲನ್ನು ಒಪ್ಪಿಸುತ್ತಾನೆ. ಮಳೆಗಾಲ ಬಂದಿತೆಂದರೆ ತೊಗಲು ಒಣಗದು, ಹೊಲಿದದ್ದಕ್ಕೆ ಬೂಸ್ಟು ಹಿಡಿಯುತ್ತದೆ, ಕೊಳ್ಳುವವರೂ ಇಲ್ಲ. ಆ ನಾಲ್ಕು ತಿಂಗಳು ಉಣ್ಣಲು ಮತ್ತೆ ಸಾಲ. ಮನೆಯೊಂದೇ ಕೋಣೆಯಾದಾಗ ಒಲೆ, ತೊಟ್ಟಿಲು, ತೊಗಲು ಎಲ್ಲವೂ ಒಂದೇ ಕಡೆ. ಇನ್ನು ದೂರದ ವ್ಯಾಪಾರಿಯೊಬ್ಬನು ಒಂದೇ ಅಳತೆಯ, ಒಂದೇ ಬಣ್ಣದ ಐದುನೂರು ಜೊತೆ ಬೇಕೆಂದರೆ ಯಾವ ಒಂದು ಮನೆಯೂ ಅದನ್ನು ಪೂರೈಸಲಾರದು. ಹತ್ತು ಮನೆಗಳಿಗೆ ಹಂಚಿಕೊಟ್ಟರೆ ಹತ್ತು ಬಗೆಯ ಅಳತೆ ಬರುತ್ತದೆ. ಕಣ್ಣಳತೆಯಿಂದ ಕೊಯ್ದು ಅಭ್ಯಾಸವಾದ ಕೈಗಳವು. ಹಳ್ಳಿಯ ಗಿರಾಕಿಯ ಪಾದಕ್ಕೆ ಅದು ಸರಿಹೋಗುತ್ತಿತ್ತು, ಏಕೆಂದರೆ ಗಿರಾಕಿ ಎದುರಿಗೇ ಕಾಲು ಚಾಚಿ ಕುಳಿತಿರುತ್ತಿದ್ದನು.

1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ನಡೆದ ಪ್ರಯತ್ನವೊಂದು ಈ ಗಂಟನ್ನು ಬಿಚ್ಚಲು ತೊಡಗಿತು. ಬೆಂಗಳೂರಿನ ಅಸೆಂಟ್ ಎಂಬ ಸಂಸ್ಥೆಯು ಶ್ರೀಮತಿ ಮಧುರಾ ಛತ್ರಪತಿಯವರ ಮುಂದಾಳತ್ವದಲ್ಲಿ, ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಕಾರ್ಯಕ್ರಮದ ನೆರವಿದ್ದ ರಾಷ್ಟ್ರೀಯ ಚರ್ಮ ಅಭಿವೃದ್ಧಿ ಯೋಜನೆಯ ಬೆಂಬಲದೊಡನೆ, ಅಲ್ಲಿನ ಕುಶಲಕರ್ಮಿ ಹೆಂಗಸರನ್ನು ಸ್ವಸಹಾಯ ಸಂಘಗಳಲ್ಲಿ ಕೂಡಿಸಿತು. ಆ ಸಂಘಗಳೆಲ್ಲ ಸೇರಿ ‘ಟೋಹೋಲ್ಡ್’ ಎಂಬ ತಮ್ಮದೇ ಹೆಸರಿನಲ್ಲಿ ಮಾಲನ್ನು ಹೊರನಾಡುಗಳಿಗೂ ಕಳಿಸುವಂತಾದವು. ಇಂಥ ಪ್ರಯತ್ನದ ನಡುಗಂಬವೆಂದರೆ ಎಲ್ಲರಿಗೂ ಸೇರಿದ ಒಂದು ಕೆಲಸದ ಮನೆ. ಸರಕಾರದ ಭಾಷೆಯಲ್ಲಿ ಇದಕ್ಕೆ ‘ಸಾಮಾನ್ಯ ಸೌಲಭ್ಯ ಕೇಂದ್ರ’ವೆಂದು ಹೆಸರು; ಕೂಡುದುಡಿಮೆಯ ಮನೆಯೆಂದರೆ ನಮಗೆ ಹೆಚ್ಚು ಹಿತವಾಗುತ್ತದೆ.

ಇಂಥ ಮನೆಯಲ್ಲಿ ಇರತಕ್ಕದ್ದೇನು? ತೊಗಲನ್ನು ಒಟ್ಟಿಗೆ ಸಗಟಾಗಿ ಕೊಂಡು ಮಳೆಗಾಲದಲ್ಲಿಯೂ ಒಣಗಿದ ಜಾಗದಲ್ಲಿಡುವ ಉಗ್ರಾಣ, ಒಬ್ಬನೇ ಕೊಳ್ಳಲಾರದ, ಹತ್ತಾರು ಜನ ಸರದಿಯಂತೆ ಬಳಸಬಹುದಾದ ತೊಗಲು ತೆಳುಗೊಳಿಸುವ ಮತ್ತು ಅಟ್ಟೆ ಕತ್ತರಿಸುವ ಯಂತ್ರಗಳು, ಅಳತೆಗೊಂದರಂತೆ ಕಾಲಚ್ಚುಗಳು, ಬೆಳಕು, ಗಾಳಿ, ಬೆನ್ನು ನೋಯದಂತೆ ಕೂರಲು ಸ್ಥಳ. ಕಾಲಚ್ಚು ಬಂದ ಮೇಲೆ ಹತ್ತು ಮನೆಗಳ ಚಪ್ಪಲಿಯೂ ಒಂದೇ ಅಳತೆಗೆ ಬರುತ್ತದೆ, ದೊಡ್ಡ ಬೇಡಿಕೆಯನ್ನು ಒಪ್ಪಿಕೊಳ್ಳುವ ಧೈರ್ಯ ಬರುತ್ತದೆ. ಹೆಣಿಗೆ ಮಾತ್ರ ಕೈಯದೇ ಆಗಿ ಉಳಿಯುತ್ತದೆ. ಉಳಿಯಲೇಬೇಕು, ಬೆಲೆ ಇರುವುದು ಅದಕ್ಕೆ.

ಆದರೆ ಯಂತ್ರಕ್ಕಿಂತ ಮಿಗಿಲಾದುದು ಲೆಕ್ಕದ ಪುಸ್ತಕವೆಂದು ನಮ್ಮ ಅಭಿಪ್ರಾಯ. ಕೆಲವು ವರ್ಷಗಳ ಹಿಂದೆ ಅಥಣಿಯ ಕಡೆ ಹೋಗಿದ್ದಾಗ, ಈ ಕಸಬಿನ ಮನೆಯೊಂದರ ಪಡಸಾಲೆಯಲ್ಲಿ ಕುಳಿತು ತಾಯಿಯೊಬ್ಬಳೊಡನೆ ಮಾತನಾಡಿದೆವು. ಬೆರಳುಗಳು ಹೆಣೆಯುತ್ತಲೇ ಇದ್ದವು. “ಅಜ್ಜಾರ, ಮದಲ ಅವರು ಕೇಳಿದ ರೇಟಿಗೆ ಕೊಟ್ಟ ಬಿಡತಿದ್ವಿ. ಈಗ ಒಂದ ಜೋಡಿಗೆ ತೊಗಲ ಎಷ್ಟ, ದಾರ ಎಷ್ಟ, ನನ್ನ ಕೂಲಿ ಎಷ್ಟ ಅನ್ನೂದು ಗೊತ್ತೈತಿ. ಅದಕ್ಕ ಕಡಿಮಿ ಕೇಳಿದ್ರ ಬ್ಯಾಡ ಅಂತೀನಿ” ಎಂದಳು. ನಿನ್ನ ಕೂಲಿಯೆಂದು ಮೊದಲು ಯಾರೂ ಲೆಕ್ಕ ಹಾಕುತ್ತಿರಲಿಲ್ಲವೇ ಎಂದು ಕೇಳಿದೆವು. ಆಕೆ ನಕ್ಕಳು. ಮನೆಯ ಹೆಣ್ಣಿನ ಕೆಲಸಕ್ಕೆ ಕೂಲಿಯೆಂಬುದೊಂದಿದೆಯೆಂದು ಗಂಡನೂ ಎಣಿಸಿರಲಿಲ್ಲ, ವ್ಯಾಪಾರಿಯೂ ಎಣಿಸಿರಲಿಲ್ಲ. ಸಂಘದಲ್ಲಿ ಲೆಕ್ಕ ಕಲಿತ ಮೇಲೆ, ಉಳಿತಾಯದ ಪುಸ್ತಕ ಆಕೆಯ ಹೆಸರಿನಲ್ಲಾದ ಮೇಲೆ, ಆ ಅಂಕಿ ಬೆಲೆಯೊಳಗೆ ಸೇರಿತು.

ಇದೆಲ್ಲ ಸುಸೂತ್ರವಾಗಿ ನಡೆದುಬಿಡುತ್ತದೆಂದು ಯಾರೂ ತಿಳಿಯಬಾರದು. ಕಟ್ಟಡ ಕಟ್ಟಿ, ಯಂತ್ರವನ್ನಿಟ್ಟು, ಉದ್ಘಾಟನೆಯ ಕಲ್ಲನ್ನು ನೆಟ್ಟು, ಆಮೇಲೆ ಬೀಗ ಹಾಕಿದ ಕೇಂದ್ರಗಳನ್ನೂ ನಾವು ನೋಡಿದ್ದೇವೆ. ಯಂತ್ರ ಕೆಟ್ಟರೆ ದುರಸ್ತಿ ಮಾಡಿಸುವವರಾರು, ವಿದ್ಯುತ್ತಿನ ಬಿಲ್ಲು ತೆರುವವರಾರು, ಕೆಟ್ಟ ಮಾಲನ್ನು ತಿರಸ್ಕರಿಸುವ ಅಧಿಕಾರ ಯಾರದು ಎಂಬುದನ್ನು ಕಸಬುದಾರರೇ ಕೂಡಿ ನಿರ್ಣಯಿಸದ ಕಡೆ ಕೂಡುಮನೆ ನಿಲ್ಲುವುದಿಲ್ಲ. ಕೊನೆಯದಂತೂ ಬಹು ಕಠಿಣ. ಸೋದರಸಂಬಂಧಿಯ ಮಾಲನ್ನು ಇದು ಸರಿಯಿಲ್ಲವೆಂದು ಮರಳಿಸುವುದು ಸಣ್ಣ ಮಾತಲ್ಲ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳೊಡನೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಿಗೂ ಸಮನಾದ ಪಾಲು ಸಿಕ್ಕಿತು. ಹೆಸರಿನಲ್ಲಿ ಇಲ್ಲದ ನ್ಯಾಯ ಕಾಗದದಲ್ಲಾದರೂ ಬಂದಿತು. ಬಳಿಕ 2025ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನಗರದ ಉಡುಪಿನ ಪ್ರದರ್ಶನದಲ್ಲಿ ಪ್ರಾಡಾ ಸಂಸ್ಥೆಯು ಇದೇ ಮಾದರಿಯ ಪಾದರಕ್ಷೆಯನ್ನು ಮೂಲವನ್ನು ಹೇಳದೆ ಪ್ರದರ್ಶಿಸಿತು. ಆಕ್ಷೇಪಣೆಗಳೆದ್ದವು, ಭಾರತದ ಕುಶಲಕರ್ಮಿಗಳಿಂದ ಸ್ಫೂರ್ತಿ ಪಡೆದುದೆಂದು ಸಂಸ್ಥೆ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಹಾಗೂ ನಮ್ಮ ಲಿಡ್‌ಕರ್ ನಿಗಮಗಳೊಡನೆ ಕೂಡಿ 2,000 ಜೊತೆಗಳನ್ನು ಇಲ್ಲಿಯೇ ಮಾಡಿಸುವ ಒಪ್ಪಂದ ಪ್ರಕಟವಾಯಿತು. ಜೊತೆಯೊಂದಕ್ಕೆ ಬೆಲೆ ಸುಮಾರು 800 ಯೂರೋ, ಎಂದರೆ ನಮ್ಮ 80,000 ರೂಪಾಯಿಗೂ ಮೇಲೆ! ಅದರಲ್ಲಿ ಹೆಣೆದ ಕೈಗೆ ಸೇರುವುದೆಷ್ಟೆಂದು ಕೇಳುವ ಬಲ, ಒಂಟಿಯಾಗಿ ಪಡಸಾಲೆಯಲ್ಲಿ ಕುಳಿತವನಿಗಿಲ್ಲ. ಸಂಘವಿದ್ದವರು, ಅಳತೆ ತಪ್ಪದೆ ಮಾಲು ಕೊಡಬಲ್ಲವರು, ಲೆಕ್ಕ ಬಲ್ಲವರು ಕೇಳಿಯಾರು.

ಇನ್ನು ನಮ್ಮ ಸಮಾಜದ ಪಾಲಿನದು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಪಾದರಕ್ಷೆಯ ಕೆಲಸವೂ ಒಂದು. ತರಬೇತಿ, ಉಪಕರಣಗಳಿಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಮುಂದೆ ಎರಡು ಲಕ್ಷ ಸಾಲವೆಂದು ಅದರಲ್ಲಿ ಹೇಳಿದೆ. ಅರ್ಜಿಯನ್ನು ತುಂಬಿಕೊಡಲು ಓದಿದ ಹುಡುಗರು ಪ್ರತಿ ಮಠದ ಪ್ರಸಾದನಿಲಯದಲ್ಲಿಯೂ ಇದ್ದಾರೆ. ಜಾತ್ರೆಯ ಐದು ದಿನ ಬಿಟ್ಟರೆ ವರ್ಷವಿಡೀ ಮುಚ್ಚಿರುವ ಕಲ್ಯಾಣಮಂಟಪಗಳು, ಅಂಗಳಗಳು ನಮ್ಮ ಊರೂರಿನಲ್ಲಿವೆ. ಅವುಗಳಲ್ಲೊಂದು ಕೋಣೆಯನ್ನು ಮಳೆಗಾಲದ ನಾಲ್ಕು ತಿಂಗಳು ತೊಗಲಿಡಲು, ಹೊಲಿಯಲು ತೆರೆದುಕೊಟ್ಟರೆ ಮೈಲಿಗೆಯಾದೀತೇ? ಹರಳಯ್ಯನವರ ಭಾವಚಿತ್ರವನ್ನು ತೂಗುಹಾಕಿದ ಗೋಡೆಯ ಕೆಳಗೇ ಈ ಪ್ರಶ್ನೆಯನ್ನು ನಾವು ಒಂದು ಸಭೆಯಲ್ಲಿ ಕೇಳಿದ್ದೆವು. ಹಿರಿಯರು ಕೆಲವರು ಮೌನವಾಗಿದ್ದರು. ಒಬ್ಬರು ಮಾತ್ರ ಎದ್ದು, ವಾಸನೆ ಬಂದೀತಲ್ಲ ಎಂದರು. ಗೃಹಿಣಿಯರಿಗೂ ಒಂದು ವಿನಂತಿ: ಅಂಗಡಿಯ ಗಾಜಿನೊಳಗಿನ ಮಾಲಿಗೆ ಚೌಕಾಶಿ ಮಾಡದ ನಾವು, ಹೊಲಿದವರೇ ಬುಟ್ಟಿಯಲ್ಲಿ ಹೊತ್ತು ತಂದಾಗ ಅರ್ಧಕ್ಕೆ ಕೇಳುವುದೇಕೆಂದು ಒಮ್ಮೆ ಯೋಚಿಸಬೇಕು.

ಅಂದು ಅಥಣಿಯಲ್ಲಿ ಆ ತಾಯಿ ಹಳೆಯ ಪಂಚಾಂಗದ ಹಾಳೆಯೊಂದನ್ನು ನೆಲದ ಮೇಲೆ ಹಾಸಿ ನಮ್ಮ ಕಾಲನ್ನು ಅದರ ಮೇಲಿಡಲು ಹೇಳಿದಳು. ಪಂಚಾಂಗದ ಮೇಲೆ ಕಾಲಿಡಲು ಹಿಂಜರಿದೆವು. “ಹೋದ ವರ್ಷದ್ದರೀ” ಎಂದು ಆಕೆಯೇ ಸಮಾಧಾನ ಹೇಳಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದು, ಬೆಲೆಯನ್ನು ಮೂಲೆಯಲ್ಲಿ ಬರೆದು ತೋರಿಸಿದಳು. ನಾವು ಚೌಕಾಶಿ ಮಾಡಲಿಲ್ಲ. ಮಳೆ ನಿಂತ ಮೇಲೆ ಕಳಿಸುವೆನೆಂದಳು. ದಸರೆಗೆ ಮುಂಚೆಯೇ ಬಂದು ತಲುಪಿದವು.